ನಾಲೆ ಏರಿ ಮೇಲೆ ಒಂದು ಓಟ

ಕೇಳುಗರಿಗೆ ನಮಸ್ಕಾರ.

ನಾನು ಮೊದಲ ಸಲ ನಾಲೆ ಏರಿ ಮೇಲೆ ಓಡಿದ ದಿನ ಒಬ್ಬ ಅಜ್ಜಿ ತಡೆದು ನಿಲ್ಲಿಸಿದರು. ತಲೆ ಮೇಲೆ ಹಸಿ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು. "ಯಾಕವ್ವ, ಬಸ್ ತಪ್ಪೋಯ್ತಾ?" ಅಂತ ಕೇಳಿದರು. ಇಲ್ಲ ಅಜ್ಜಿ, ಸುಮ್ನೆ ಓಡ್ತಿದ್ದೀನಿ ಅಂದೆ. ಅವರು ನನ್ನ ಶೂ ನೋಡಿದರು, ಮುಖ ನೋಡಿದರು. "ಸುಮ್‌ಸುಮ್ನೆ ಯಾರಾದ್ರೂ ಓಡ್ತಾರಾ?" ಅಂದು ತಮ್ಮ ಪಾಡಿಗೆ ಹೋದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಮತ್ತೆ ಅಲ್ಲಿಗೇ ಹೋದೆ.

ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ಹಳ್ಳಿ ದಾರಿಗಳಲ್ಲಿ ನಾನು ಕೆಲವು ವರ್ಷಗಳಿಂದ ಓಡುತ್ತಿದ್ದೇನೆ. ಓಡೋದು ಅಂದರೆ ಬಹಳ ಜೋರಾಗಿ ಅಲ್ಲ. ಸೈಕಲ್ಲಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರು ನನ್ನನ್ನು ಆರಾಮಾಗಿ ಹಿಂದೆ ಹಾಕುತ್ತಾರೆ. ಆದರೂ ಆ ದಾರಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ.

ಮೊದಲು ನಾಲೆಯ ಮಾತು. ಮಂಡ್ಯ ಜಿಲ್ಲೆಯವರು ವಿ.ಸಿ. ನಾಲೆ ಅನ್ನುತ್ತಾರಲ್ಲ, ಅದೇ ವಿಶ್ವೇಶ್ವರಯ್ಯ ನಾಲೆ. ಮೊದಲು ಅದಕ್ಕೆ ವೈಸರಾಯ್ ಹೆಸರಿಟ್ಟು ಇರ್ವಿನ್ ನಾಲೆ ಅಂತಿದ್ದರು. ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟೆಯ ಎಡದಂಡೆಯಿಂದ ಹೊರಟು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ನೀರು ಒಯ್ಯುತ್ತದೆ. ಇದರ ಏರಿ ಓಟಕ್ಕೆ ಯಾಕೆ ಅಷ್ಟು ಚೆನ್ನ ಅನ್ನೋದು ನನಗೆ ಬಹಳ ದಿನ ಹೊಳೆದೇ ಇರಲಿಲ್ಲ. ನೀರಿಗೆ ಇಂಜಿನ್ ಇಲ್ಲ, ಅಲ್ವಾ? ಅದು ಇಳಿಜಾರಲ್ಲೇ ಹೋಗಬೇಕು. ಜಾಸ್ತಿ ಇಳಿದರೆ ಮುಂದಿನ ಊರಿಗೆ ನೀರು ಹತ್ತುವುದಿಲ್ಲ. ಹಾಗಾಗಿ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು, ದಿಣ್ಣೆ ಬಂದರೆ ಸುತ್ತಿ, ಹಳ್ಳ ಬಂದರೆ ಬಳಸಿ ನಾಲೆ ತೋಡಿದ್ದಾರೆ. ಬಳಸಲು ಆಗದ ಕಡೆ, ಹುಲಿಕೆರೆ ಹತ್ತಿರ, ಗುಡ್ಡದೊಳಗೇ ಸುರಂಗ ಕೊರೆದಿದ್ದಾರೆ. ನಾಲೆ ಹೇಗೋ ಏರಿಯೂ ಹಾಗೆ. ಹತ್ತುವುದಿಲ್ಲ, ಇಳಿಯುವುದಿಲ್ಲ. ಹೊಸದಾಗಿ ಓಡಲು ಶುರುಮಾಡುವವರಿಗೆ, ನನ್ನಂಥ ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆ ದಾರಿ ಸಿಗೋದು ಕಷ್ಟ.

ಇನ್ನೊಂದು ಗಮನಿಸಿ. ನಾಲೆ ನೀರು ಹರಿಯುವುದು ಕೆಳಗಡೆಯ ಗದ್ದೆಗೆ ಮಾತ್ರ. ಏರಿ ಮೇಲೆ ಓಡುವಾಗ ಒಂದು ಪಕ್ಕ ಭತ್ತ, ಕಬ್ಬು, ತೆಂಗು. ಇನ್ನೊಂದು ಪಕ್ಕ, ಅಂದರೆ ನಾಲೆಗಿಂತ ಎತ್ತರದ ಕಡೆ, ರಾಗಿ, ಹುರುಳಿ, ಕುರಿ ಮೇಯುವ ಬೀಳು. ಈಗ ಬೋರ್‌ವೆಲ್ ಬಂದು ಆ ಕಡೆಯೂ ಅಲ್ಲಲ್ಲಿ ಹಸಿರು ಕಾಣುತ್ತದೆ. ಆದರೂ ಬೇಸಿಗೆಗೆ ಮುಂಚೆ ಒಂದು ದಿನ ಓಡಿ ನೋಡಿ. ಎಡಗಣ್ಣಿಗೆ ಒಂದು ಊರು, ಬಲಗಣ್ಣಿಗೆ ಇನ್ನೊಂದು ಊರು. ನಡುವೆ ನಾಲ್ಕು ಮಾರು ಅಗಲದ ನೀರು.

ನಾಲೆಗೆ ವರ್ಷವಿಡೀ ನೀರು ಬಿಡುವುದಿಲ್ಲ. ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿದ, ಅಂದರೆ ಕಟ್ಟೆ ತುಂಬಿದ ವರ್ಷ ಎಲ್ಲರ ಮುಖದಲ್ಲೂ ಕಳೆ. ನಾಟಿ ಕಾಲದಲ್ಲಿ ಓಡಿದರೆ ತೂಬಿನ ಸದ್ದು ದೂರದಿಂದಲೇ ಕೇಳುತ್ತದೆ. ಉತ್ತ ಗದ್ದೆಯಲ್ಲಿ ಟಿಲ್ಲರ್ ಹಿಂದೆ ಬೆಳ್ಳಕ್ಕಿಗಳ ಸಾಲು. ನನಗೆ ಹೆಚ್ಚು ಇಷ್ಟ ಡಿಸೆಂಬರ್ ಬೆಳಗ್ಗೆ. ಮಂಜು ನೀರಿನ ಮೇಲೇ ಕೂತಿರುತ್ತದೆ. ಕಬ್ಬಿನ ಸೂಲಂಗಿ ಮಾತ್ರ ಮಂಜಿನಿಂದ ಮೇಲೆ ಕಾಣುತ್ತದೆ. ಆಲೆಮನೆ ಇದ್ದರೆ ಅರ್ಧ ಮೈಲಿ ಮುಂಚೆಯೇ ಮೂಗಿಗೆ ಗೊತ್ತಾಗುತ್ತದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ಕಬ್ಬಿನ ರಸಕ್ಕೆ ನಮ್ಮಲ್ಲಿ ಹಾಲು ಅಂತಲೇ ಅನ್ನೋದು. ಒಲೆಗೆ ಒಣಗಿದ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ ಹಾಕುತ್ತಾ ಒಬ್ಬರು ಕೂತಿರುತ್ತಾರೆ. ನಿಂತು ಮಾತಾಡಿಸಿದರೆ ಬಿಸಿ ಬೆಲ್ಲ ಎಲೆ ಮೇಲೆ ಬರುತ್ತದೆ. ಓಡಿ ಕರಗಿಸಿದ್ದೆಲ್ಲ ಅಲ್ಲೇ ವಾಪಸ್.

ಇದೇ ಕಾಲದಲ್ಲಿ ಊರಿನ ಟಾರು ರಸ್ತೆಗೆ ಇಳಿದರೆ ಇನ್ನೊಂದು ಸಮಸ್ಯೆ. ಹುರುಳಿ. ಕಣ ಮಾಡುವ ಬದಲು ಬಳ್ಳಿಯನ್ನು ರಸ್ತೆಗೇ ಹಾಸುತ್ತಾರೆ. ಬಸ್ಸು, ಲಾರಿ ಓಡಾಡಿ ಕಾಳು ಬಿಡಿಸುತ್ತವೆ. ಹಾಸಬೇಡಿ ಅಂತ ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಹಾಸುತ್ತಾರೆ. ನೋಡಲು ಮೆತ್ತನೆ ಹಾಸಿಗೆ ಥರ ಇದೆ, ಓಡಲು ಎಷ್ಟು ಚೆಂದ ಅಂತ ನಾನು ಅದರ ಮೇಲೇ ಹೋದೆ. ಕೆಳಗೆ ಉದುರಿದ್ದ ಕಾಳು ಗೋಲಿ ಥರ ಉರುಳಿತು. ಬಳ್ಳಿ ಕಾಲಿಗೆ ಸುತ್ತಿಕೊಂಡಿತು. ಎರಡೂ ಅಂಗೈ ತರಚಿದವು. ಬಂದು ಎಬ್ಬಿಸಿದ ಹೆಂಗಸರು ಮೊದಲು ನೀರು ಕೊಟ್ಟರು, ಆಮೇಲೆ ನಗಲು ಶುರುಮಾಡಿದರು. "ಎದ್ದು ಇನ್ನೊಂದ್ ಸುತ್ತು ಓಡವ್ವ, ಹುಳ್ಳಿ ಚೆನ್ನಾಗಿ ಬಿಡ್ತದೆ" ಅಂದರು. ಆವತ್ತಿನಿಂದ ಹುರುಳಿ ಕಂಡರೆ ಅಂಚಿನ ಮಣ್ಣಿಗೆ ಇಳಿದು ನಡೆಯುತ್ತೇನೆ.

ನಾಲೆಯ ವಿಷಯದಲ್ಲಿ ತಮಾಷೆ ಬೇಡ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ತಡೆಗೋಡೆ ಇಲ್ಲದ ಕಡೆ ನೀರಿನ ಅಂಚಿಗೆ ಹೋಗಬೇಡಿ. ಕಾಲು ತೊಳೆಯಲು ಇಳಿಯಲೇಬೇಡಿ. ಪಾಚಿ ಕಟ್ಟಿದ ಇಳಿಜಾರು, ಒಳಗೆ ಸೆಳೆತ. ಈಜು ಬಂದವರಿಗೂ ಹತ್ತಲು ಆಗುವುದಿಲ್ಲ. ಕಿವಿಗೆ ಇಯರ್‌ಫೋನ್ ಬೇಡ. ಕಬ್ಬು ತುಂಬಿದ ಟ್ರ್ಯಾಕ್ಟರ್ ತಿರುವಿನಲ್ಲಿ ಬಂದರೆ ಟ್ರೇಲರ್‌ನಿಂದ ಆಚೆ ಚಾಚಿದ ಜಲ್ಲೆ ಮೊದಲು ಮುಟ್ಟುವುದು ನಿಮ್ಮನ್ನೇ. ಇನ್ನು ನಾಯಿಗಳು. ಅಟ್ಟಿಸಿಕೊಂಡು ಬಂದರೆ ಓಡುವವರು ಓಡಬಾರದು. ಕಷ್ಟ ನಿಜ. ನಿಂತುಬಿಡಿ. ಕಲ್ಲು ಎತ್ತುವವರ ಥರ ಸ್ವಲ್ಪ ಬಗ್ಗಿದರೆ ಸಾಕು, ಎಷ್ಟೋ ಸಲ ಹಿಂದೆ ಸರಿಯುತ್ತವೆ.

ನಾಲೆ ಅಭ್ಯಾಸವಾದ ಮೇಲೆ ಪಾಂಡವಪುರದಿಂದ ಕುಂತಿಬೆಟ್ಟದ ಬುಡ ಹಾದು ತೊಣ್ಣೂರು ಕೆರೆಗೆ ಹೋಗಿ. ಈ ದಾರಿಯಲ್ಲಿ ಏರು ಇದೆ, ಇಳಿತ ಇದೆ. ಕುಂತಿಬೆಟ್ಟದ ಬಂಡೆ ಎಷ್ಟು ಓಡಿದರೂ ಪಕ್ಕದಲ್ಲೇ ಇರುತ್ತದೆ, ಹಿಂದೆ ಹೋಗುವುದೇ ಇಲ್ಲ. ಬೆವರು ಹರಿದು ಸಾಕಪ್ಪ ಅನ್ನುವಾಗ ಕೆರೆ ಕಾಣುತ್ತದೆ. ಗುಡ್ಡಗಳ ನಡುವಿನ ಸಂದಿಗೆ ಏರಿ ಕಟ್ಟಿ ನಿಲ್ಲಿಸಿದ ನೀರು. ರಾಮಾನುಜಾಚಾರ್ಯರು ಕಟ್ಟಿಸಿದ್ದು ಅಂತ ಊರಿನವರು ಹೇಳುತ್ತಾರೆ. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂತಲೂ ಹೆಸರಿದೆ. ಏರಿ ಮೇಲೆ ನಿಂತು ಅಂಚಿನ ನೀರು ನೋಡಿದರೆ ತಳದ ಕಲ್ಲು ಎಣಿಸಬಹುದು. ಮುತ್ತು ಅಂದಿದ್ದು ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಊರಿಂದ ಜಾಸ್ತಿ ದೂರ ಬೇಡ ಅನ್ನುವವರಿಗೆ ಶ್ರೀರಂಗಪಟ್ಟಣದ ದ್ವೀಪವೇ ಸಾಕು. ಕೋಟೆಯಿಂದ ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಅಲ್ಲಿಂದ ಕಾವೇರಿಯ ಎರಡು ಕವಲೂ ಮತ್ತೆ ಕೂಡುವ ಸಂಗಮ. ಸೂರ್ಯ ಮೇಲೆ ಬರುವ ಮುಂಚೆ ಹೋಗಿಬಿಡಿ. ಆಮೇಲೆ ಪ್ರವಾಸಿಗಳ ಬಸ್ಸು ಶುರು. ಬಂಗಾರದೊಡ್ಡಿ ನಾಲೆಯನ್ನೂ ನೋಡಿ ಬನ್ನಿ. ಕಂಠೀರವ ನರಸರಾಜ ಒಡೆಯರ ಕಾಲದ್ದು. ಹೊಳೆ ಮೇಲೆ ಕಲ್ಲಿನ ಸೇತುವೆ ಕಟ್ಟಿ, ಅದರ ಮೇಲೆ ನಾಲೆ ದಾಟಿಸಿದ್ದಾರೆ. ಕೆಳಗೂ ಕಾವೇರಿ, ಮೇಲೂ ಕಾವೇರಿ. ಮೇಲುಕೋಟೆ ಘಾಟಿ ಓಟ ನನ್ನ ಕೈಲಿ ಆಗಿಲ್ಲ. ಅರ್ಧ ಓಡಿ, ಅರ್ಧ ನಡೆದು, ಮೇಲೆ ಹೋಗಿ ಪುಳಿಯೋಗರೆ ತಿಂದೆ. ಅದರ ಲೆಕ್ಕ ಹೇಳುವುದಿಲ್ಲ.

ಹೊರಗಿನಿಂದ ಬರುವವರು ಒಂದು ನೆನಪಿಡಿ. ಬೆಂಗಳೂರು, ಮೈಸೂರು ರೈಲು ಪಾಂಡವಪುರದಲ್ಲಿ ನಿಲ್ಲುತ್ತದೆ ನಿಜ. ಆದರೆ ಸ್ಟೇಷನ್ ಒಂದು ಕಡೆ, ಊರು ಇನ್ನೊಂದು ಕಡೆ. ವಾಪಸ್ ಹೇಗೆ ಅಂತ ಮೊದಲೇ ನೋಡಿಕೊಳ್ಳಿ. ಒಂದು ಭಾನುವಾರ ತೊಣ್ಣೂರಿನಲ್ಲಿ ನೀರು ನೋಡುತ್ತಾ ನಿಂತು ನನಗೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಬಸ್ಸು ಹೊರಟಿತ್ತು. ಹಿಂದೆ ಓಡಿದೆ, ಕೈ ಬೀಸಿದೆ, ಕೂಗಿದೆ. ಅರಳಿಕಟ್ಟೆ ಮೇಲೆ ಕೂತಿದ್ದವರೊಬ್ಬರು ಕೇಳಿದರು. "ಬಸ್ ತಪ್ಪೋಯ್ತೇನವ್ವ?"

ಹೂಂ ಅಂದೆ.

ನಮಸ್ಕಾರ.