ಗಡುವಿದ್ದ ಜೀತ, ಗಡುವಿಲ್ಲದ ಜೀತ

ಕೇಳುಗರಿಗೆ ನಮಸ್ಕಾರ. ಹದಿನೇಳನೆಯ ಶತಮಾನದ ಬಹುಕಾಲ, ಉತ್ತರ ಅಮೆರಿಕದಲ್ಲಿ ಇಂಗ್ಲೆಂಡಿನ ವಸಾಹತಾಗಿದ್ದ ವರ್ಜೀನಿಯಾದ ತಂಬಾಕಿನ ಹೊಲಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಬಡವರು. ಹಡಗಿನ ಬಾಡಿಗೆಗೆ ಕಾಸಿಲ್ಲದೆ, ನಾಲ್ಕರಿಂದ ಏಳು ವರ್ಷ ದುಡಿಯುವುದಾಗಿ ಪತ್ರ ಬರೆದುಕೊಟ್ಟು ಬಂದವರು. ಒಂದೇ ಹಾಳೆಯಲ್ಲಿ ಪತ್ರವನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಆಳಿಗೊಂದು ಧಣಿಗೊಂದು ಕೊಡುತ್ತಿದ್ದರು. ತಕರಾರು ಬಂದರೆ ಎರಡರ ಅಂಚೂ ಕೂಡಬೇಕಿತ್ತು. ಇತ್ತ 1618ರಿಂದ, ಒಬ್ಬೊಬ್ಬ ಆಳಿನ ಪ್ರಯಾಣದ ಖರ್ಚು ಕೊಟ್ಟವನಿಗೆ ಐವತ್ತು ಎಕರೆ ನೆಲ ದಕ್ಕುತ್ತಿತ್ತು. ಬಡವನು ದಡಕ್ಕೆ ಕಾಲಿಟ್ಟ ಮಾತ್ರಕ್ಕೇ ಧಣಿಯ ಜಮೀನು ಬೆಳೆಯುತ್ತಿತ್ತೆಂಬುದನ್ನು ಮರೆಯಬಾರದು.

1623ರಲ್ಲಿ ರಿಚರ್ಡ್ ಫ್ರೆಥಾರ್ನ್ ಎಂಬ ತರುಣ ಆಳು ಇಂಗ್ಲೆಂಡಿನ ತಂದೆತಾಯಿಗಳಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಬಟಾಣಿ ಮತ್ತು ನೀರುಗಂಜಿಯ ಹೊರತು ತಿನ್ನಲು ಏನೂ ಇಲ್ಲ, ಹೊದೆಯುವ ಮೇಲಂಗಿಯನ್ನು ಜೊತೆಯವನೇ ಕದ್ದ, ಹೇಗಾದರೂ ನನ್ನನ್ನು ಬಿಡಿಸಿಕೊಳ್ಳಿ ಎಂದು ಅವನು ಅಂಗಲಾಚುತ್ತಾನೆ. ಅದನ್ನು ಓದುವಾಗ ಇಂದಿಗೂ ಕರುಳು ಚುರುಕ್ಕೆನ್ನುತ್ತದೆ.

ಆದರೂ ಅಂಥವನ ಜೀತಕ್ಕೆ ಒಂದು ಗಡುವಿತ್ತು. 1640ರಲ್ಲಿ ಹ್ಯೂ ಗ್ವಿನ್ ಎಂಬ ಧಣಿಯ ಮೂವರು ಆಳುಗಳು ಒಟ್ಟಾಗಿ ನೆರೆಯ ವಸಾಹತಾದ ಮೇರಿಲ್ಯಾಂಡಿಗೆ ಓಡಿಹೋಗಿ ಸಿಕ್ಕಿಬಿದ್ದರು: ಒಬ್ಬ ಡಚ್ಚ, ಒಬ್ಬ ಸ್ಕಾಟ್ಲೆಂಡಿನವನು, ಮತ್ತೊಬ್ಬ ಜಾನ್ ಪಂಚ್ ಎಂಬ ಕಪ್ಪು ವರ್ಣದವನು. ಮೂವರಿಗೂ ತಲಾ ಮೂವತ್ತು ಛಡಿಯೇಟು ಬಿದ್ದವು. ಬಿಳಿಯರಿಬ್ಬರ ಜೀತಕ್ಕೆ ನ್ಯಾಯಸಭೆ ನಾಲ್ಕು ವರ್ಷ ಕೂಡಿಸಿತು. ಜಾನ್ ಪಂಚ್‌ಗೆ ಮಾತ್ರ ಬದುಕಿರುವವರೆಗೂ ಜೀತವೆಂದು ಬರೆಯಿತು. ಒಟ್ಟಿಗೆ ಹೆಜ್ಜೆ ಹಾಕಿದ ಮೂವರಲ್ಲಿ ಒಬ್ಬನನ್ನು ಹೀಗೆ ಬೇರೆ ಮಾಡಿದ ಆ ತೀರ್ಪೇ ಮುಂದಿನ ಕಾನೂನುಗಳ ಮುನ್ಸೂಚನೆಯೆಂದು ನಾನು ತಿಳಿಯುತ್ತೇನೆ. 1662ರಲ್ಲಿ, ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮನೇ ಎಂಬ ಶಾಸನ ಬಂತು.

1676ರಲ್ಲಿ ನಥಾನಿಯಲ್ ಬೇಕನ್ ಎಂಬ ಜಮೀನುದಾರನು ವಸಾಹತಿನ ರಾಜ್ಯಪಾಲನ ವಿರುದ್ಧ ಎಬ್ಬಿಸಿದ ದಂಗೆಯಲ್ಲಿ ಬಿಳಿಯ ಆಳುಗಳೂ ಕಪ್ಪು ಗುಲಾಮರೂ ಒಟ್ಟಿಗೆ ಆಯುಧ ಹಿಡಿದರು, ರಾಜಧಾನಿ ಜೇಮ್ಸ್‌ಟೌನ್ ಸುಟ್ಟುಹೋಯಿತು. ಆ ಹೊತ್ತಿಗೇ ಇಂಗ್ಲೆಂಡಿನಿಂದ ಬರುವ ಆಳುಗಳು ಕಡಿಮೆಯಾಗತೊಡಗಿದ್ದರಿಂದ, ಧಣಿಗಳು ಹೆಚ್ಚುಹೆಚ್ಚಾಗಿ ಆಫ್ರಿಕದ ಗುಲಾಮರನ್ನು ಕೊಳ್ಳಲಾರಂಭಿಸಿದರು. 1705ರ ಶಾಸನದಂತೆ, ಗಡುವು ಮುಗಿದ ಬಿಳಿಯ ಗಂಡಾಳಿಗೆ ಹತ್ತು ಬುಷೆಲ್ (ಧಾನ್ಯದ ಒಂದು ಅಳತೆ) ಮೆಕ್ಕೆಜೋಳ, ಮೂವತ್ತು ಷಿಲಿಂಗ್, ಒಂದು ಬಂದೂಕು ಸಲ್ಲಬೇಕು; ನ್ಯಾಯಾಧಿಕಾರಿಯ ಅಪ್ಪಣೆಯಿಲ್ಲದೆ ಅವನನ್ನು ಬಟ್ಟೆ ಕಳಚಿ ಹೊಡೆಯುವಂತಿಲ್ಲ. ಅದೇ ಶಾಸನದಲ್ಲಿ, ಶಿಕ್ಷೆಗೆ ಎದುರುಬಿದ್ದ ಗುಲಾಮನು ಧಣಿಯ ಹೊಡೆತಕ್ಕೆ ಸತ್ತರೆ ಅದು ಅಪರಾಧವಲ್ಲವೆಂದೂ ಬರೆದಿದೆ.