ಕುಂಬಳ ಬಳ್ಳಿಯ ಕುಡಿ

ಕೇಳುಗರೇ, ನಮಸ್ಕಾರ. ಇವತ್ತು ಫೋಟೋಗಳ ಬಗ್ಗೆ ಮಾತು, ಅದೂ ರೇಡಿಯೋದಲ್ಲಿ! ಚಿತ್ರವನ್ನು ಕಿವಿಗೆ ತೋರಿಸಬೇಕು. ಸ್ವಲ್ಪ ಸಹಿಸಿಕೊಳ್ಳಿ.

ಗಿಡದ ಫೋಟೋ ಅಂದ ಕೂಡಲೇ ನಾವು ಹೂವಿನ ಕಡೆ ಓಡುತ್ತೇವೆ. ನಾನೂ ಬಹಳ ಕಾಲ ಓಡಿದವನೇ. ಒಮ್ಮೆ ಸುಮ್ನೆ ಒಂದು ಚಿತ್ರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆ. ಹೂವು ಸಪ್ಪೆಯಾಯಿತು. ಮೂಲೆಯಲ್ಲಿದ್ದ ಕುಂಬಳ ಬಳ್ಳಿಯ ಕುಡಿ ಎದ್ದು ಕಂಡಿತು.

ಆ ಕುಡಿ ನೋಡಿದ್ದೀರಲ್ವಾ? ಆಸರೆ ಹುಡುಕಿಕೊಂಡು ಚಾಚುವ ತೆಳ್ಳನೆ ಎಳೆ. ತುದಿ ಯಾವುದಾದರೂ ಕಡ್ಡಿ ಹಿಡಿದ ಮೇಲೆ ನಡುವಿನ ಭಾಗ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಫೋಟೋ ದೊಡ್ಡದು ಮಾಡಿ, ಸುರುಳಿಯ ಜೊತೆ ಬೆರಳಾಡಿಸುತ್ತಾ ಹೋಗಿ. ಬಲಕ್ಕೆ ಸುತ್ತು, ಮತ್ತೆ ಬಲಕ್ಕೆ ಸುತ್ತು, ಆಮೇಲೆ ಒಂದು ಚೂರು ನೇರ. ಅಲ್ಲಿಂದಾಚೆ ಸುತ್ತೆಲ್ಲ ಎಡಕ್ಕೆ! ಎರಡೂ ತುದಿ ಕಟ್ಟಿದ ಹಗ್ಗವನ್ನು ಒಂದೇ ಕಡೆಗೆ ತಿರುಚುತ್ತಾ ಹೋಗಲು ಆಗುವುದಿಲ್ಲ. ಬಳ್ಳಿಯದ್ದೂ ಅದೇ ಪಾಡು. ಅದಕ್ಕೇ ಬಲದ ಸುತ್ತನ್ನು ಎಡದ ಸುತ್ತು ಸರಿದೂಗಿಸುತ್ತದೆ. ಗಾಳಿ ಎಳೆದಾಗ ಸುರುಳಿ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಬಳ್ಳಿ ಹರಿಯುವುದಿಲ್ಲ. ಚಾರ್ಲ್ಸ್ ಡಾರ್ವಿನ್ ಕೂಡ ಇದನ್ನು ಕೂತು ನೋಡಿ ಬರೆದಿದ್ದಾರೆ.

 

ಇಂಥ ಕುಡಿಗಳನ್ನು ನನಗಿಂತ ಎಷ್ಟೋ ಮೊದಲು ನೋಡಿದವರು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಬರ್ಲಿನ್ನಿನಲ್ಲಿ ಕಲೆ ಕಲಿಸುವ ಮೇಷ್ಟ್ರು. ಕ್ಯಾಮೆರಾ ತಾವೇ ಕಟ್ಟಿಕೊಂಡಿದ್ದು. ಗಿಡದ ಹಿಂದೆ ಬರೀ ಒಂದು ರಟ್ಟು. ಕೆಲವು ಚಿತ್ರಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿದ್ದರು. ವಿದ್ಯಾರ್ಥಿಗಳಿಗೆ ಆಕಾರ ತೋರಿಸಲು ತೆಗೆದ ಚಿತ್ರಗಳು ಅವು. 1928ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ 60 ದಾಟಿತ್ತು. ಅವರ ಜರಿಗಿಡದ ಸುತ್ತಿದ ಚಿಗುರು ನೋಡಿದರೆ ಕಮ್ಮಾರ ಬಗ್ಗಿಸಿದ ಕಬ್ಬಿಣ ಅನ್ನಿಸುತ್ತದೆ. ಹುಡುಗನಾಗಿದ್ದಾಗ ಅವರು ಕೆಲಸ ಕಲಿತಿದ್ದು ಕಬ್ಬಿಣದ ಎರಕದ ಮನೆಯಲ್ಲಿ! ಆದರೆ ಚಿಗುರು ಸುತ್ತಿಕೊಂಡಿರುವುದು ಅಂದಕ್ಕಲ್ಲ. ಎಳೆಯ ತುದಿ ಒಳಗೆ ಜೋಪಾನವಾಗಿ ಕೂತಿರುತ್ತದೆ.

ನೀವೂ ತೆಗೆದು ನೋಡಿ, ಫೋನ್ ಸಾಕು. ಗಾಳಿಯಿಲ್ಲದ ಬೆಳಗು, ಪಕ್ಕದಿಂದ ಬೀಳುವ ಬೆಳಕು, ಹಿಂದೆ ಒಂದು ಬಿಳಿ ಕಾಗದ. ಆಮೇಲೆ ಸುತ್ತು ಎಣಿಸಿ. ಕೆಲವು ಕುಡಿ ಎರಡು ಮೂರು ಕಡೆ ತಿರುಗುವುದೂ ಉಂಟು. ನನ್ನದು ಸರಳ: ಬಲಕ್ಕೆ 6, ಎಡಕ್ಕೆ 6.