ವಾರಂಟಿ ಬರಲ್ಲ ಅಂದರೆ, ಯಾಕೆ ಅಂತ ಬರೆದು ಕೊಡಿ

ಎಲ್ಲರಿಗೂ ನಮಸ್ಕಾರ.

"ಸರ್, ನಿಮ್ಮ ಕಾರಿನ ಒಂದು ಸರ್ವಿಸ್ ಮಿಸ್ ಆಗಿದೆ, ವಾರಂಟಿ ಬರಲ್ಲ." ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೇಳಿಬರುವ ಈ ಒಂದು ಮಾತಿನ ಬಗ್ಗೆಯೇ ಇವತ್ತು ಮಾತಾಡುತ್ತೇನೆ. ಈ ಮಾತು ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗಿಬಿಡುತ್ತಾರೆ. ತಪ್ಪು ನಮ್ಮದೇ ಅಂದುಕೊಂಡು ಸಾವಿರಾರು ರೂಪಾಯಿ ಕಟ್ಟಿ ಕಾರು ಬಿಡಿಸಿಕೊಂಡು ಬರುತ್ತಾರೆ. ಹಾಗೆ ಸುಮ್ಮನಾಗಬೇಕಾದ ಸಂದರ್ಭಗಳೂ ಇವೆ, ಆಗಬಾರದ ಸಂದರ್ಭಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡೋಣ.

ವಾರಂಟಿ ಕೊಡುವುದು ಕಾರಿನ ಕಂಪನಿ. ಭಾಗದಲ್ಲಿ ತಯಾರಿಕೆಯ ದೋಷ ಇದ್ದರೆ ಅದನ್ನು ರಿಪೇರಿ ಮಾಡಿಕೊಡುತ್ತೇವೆ, ಇಲ್ಲವೇ ಬದಲಾಯಿಸುತ್ತೇವೆ ಅನ್ನುವುದಷ್ಟೇ ಅದರ ಮಾತು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರ್‌ನಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಇಲಿ ಕಡಿದ ವೈರಿಂಗ್, ಮಳೆನೀರು ನುಗ್ಗಿದ ಇಂಜಿನ್ ಇವು ವಾರಂಟಿಗೆ ಬರುವುದಿಲ್ಲ. ಅವಕ್ಕೆ ವಿಮೆಯ ಕಡೆ ನೋಡಬೇಕು. ಇಡೀ ಕಾರು ಬದಲಾಯಿಸಿ ಕೊಡಿ ಅಂತ ಕೇಳುವವರೂ ಒಂದು ವಿಷಯ ತಿಳಿದಿರಬೇಕು. ಮಾರುತಿ ಉದ್ಯೋಗ್‌ನ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ವಾರಂಟಿಯಲ್ಲಿ ಭಾಗ ಬದಲಾಯಿಸುತ್ತೇವೆ ಅಂತ ಇದ್ದರೆ ಅದಕ್ಕಾಗಿ ಇಡೀ ಕಾರು ಬದಲಾಯಿಸಿ ಅಂತ ಆದೇಶಿಸಲಾಗದು ಅಂತ ಹೇಳಿ, ಗ್ರಾಹಕರಿಗೆ ಪರಿಹಾರದ ಹಣ ಮಾತ್ರ ಕೊಡಿಸಿತು. ದೋಷ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಮ್ಮ ಬೇಡಿಕೆಯ ಅಳತೆಯೂ ಇರಬೇಕು.

ಈಗ ಮಿಸ್ ಆದ ಸರ್ವಿಸ್‌ಗೆ ಬರೋಣ. ಹೆಚ್ಚಿನ ಪೆಟ್ರೋಲ್ ಕಾರುಗಳ ಜೊತೆ ಬರುವ ಪುಸ್ತಕದಲ್ಲಿ ಸರ್ವಿಸ್‌ಗೆ ಒಂದು ವರ್ಷ ಅಥವಾ 10,000 ಕಿಲೋಮೀಟರ್, ಯಾವುದು ಮೊದಲೋ ಅದು ಅಂತ ಇರುತ್ತದೆ. ಜಗಳ ಹುಟ್ಟುವುದು ಇಲ್ಲೇ. ಮನೆಯಿಂದಲೇ ಕೆಲಸ ಮಾಡುವವರ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಜಾಸ್ತಿ. ಓಡೇ ಇಲ್ವಲ್ಲ, ಸರ್ವಿಸ್ ಯಾಕೆ ಅಂತ ಅವರು ಮುಂದೂಡುತ್ತಾರೆ. ಆದರೆ ಆಯಿಲ್ ಕಿಲೋಮೀಟರಿನಿಂದ ಮಾತ್ರ ಕೆಡುವುದಿಲ್ಲ. ತರಕಾರಿ ತರಲು, ಮಗುವನ್ನು ಶಾಲೆಗೆ ಬಿಡಲು ಎರಡು ಮೂರು ಕಿಲೋಮೀಟರ್ ಓಡಿಸಿದಾಗ ಇಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಉರಿಯದ ಪೆಟ್ರೋಲ್ ಮತ್ತು ತೇವ ಆಯಿಲ್‌ಗೆ ಸೇರುತ್ತವೆ, ಅವು ಆವಿಯಾಗಿ ಹೋಗುವಷ್ಟು ಕಾವು ಸಿಗುವುದಿಲ್ಲ. ಆಯಿಲ್ ಕೆಸರಿನಂತಾಗಿ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ. ಟರ್ಬೊ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ, ಇರುವ ಇಂಜಿನ್‌ನಲ್ಲಿ ಮೊದಲ ಪೆಟ್ಟು ಟರ್ಬೊಗೆ. ಹೆಚ್ಚಿನ ಪುಸ್ತಕಗಳಲ್ಲಿ ಕಠಿಣ ಬಳಕೆ ಅಂತ ಬೇರೆಯೇ ಒಂದು ಪಟ್ಟಿ ಇರುತ್ತದೆ. ಚಿಕ್ಕ ಓಡಾಟ, ಧೂಳು, ಘಾಟಿ ರಸ್ತೆ ಇದ್ದರೆ ಇನ್ನೂ ಬೇಗ ಆಯಿಲ್, ಫಿಲ್ಟರ್ ಬದಲಾಯಿಸಿ ಅನ್ನುತ್ತದೆ ಆ ಪಟ್ಟಿ. ಬಳ್ಳಾರಿಯ ಗಣಿ ರಸ್ತೆಯ ಧೂಳಿನಲ್ಲಿ ಓಡಿಸುವವರು, ಕೊಡಗಿನಲ್ಲಿ ಇಳಿಜಾರು ಹತ್ತಿಳಿಯುವವರು, ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತು ಸಾಗುವವರು ಎಲ್ಲರೂ ಆ ಪಟ್ಟಿಯಲ್ಲೇ ಬರುತ್ತಾರೆ. ದಯವಿಟ್ಟು ಆ ಪುಟ ಓದಿ.

ಡೀಸೆಲ್ ಕಾರಿನವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಮಿತಿ ಹೇಳುವ ನಿಯಮ) ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಊರೊಳಗೇ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದರೂ ನೋಡದೆ ಓಡಿಸಿದರೆ, ಆಮೇಲೆ ಅದು ಬಳಕೆಯ ತಪ್ಪು ಅನ್ನುತ್ತಾರೆ. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಹೇಳಬೇಕಾದದ್ದು ಮಾರುವವರ ಕರ್ತವ್ಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಆದ್ದರಿಂದ ಆಯಿಲ್ ಬದಲಾಯಿಸದೆ ಇಂಜಿನ್ ಜಾಮ್ ಆದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ಆದರೆ ಅದೇ ಕಾರಿನ ಎಸಿ ಕಂಪ್ರೆಸರ್ ಕೆಟ್ಟರೆ? ಕಿಟಕಿಯ ಮೋಟಾರ್ ನಿಂತರೆ? ಸ್ಟೇರಿಂಗ್ ಕಡೆಯಿಂದ ಸದ್ದು ಬಂದರೆ? ಆಯಿಲ್ ತಡವಾಗಿ ಬದಲಾಯಿಸಿದ್ದಕ್ಕೂ ಕಿಟಕಿಯ ಮೋಟಾರಿಗೂ ಏನು ಸಂಬಂಧ? ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ. ಯಾವ ಸರ್ವಿಸ್ ಮಿಸ್ ಆಯಿತು, ಅದರಿಂದ ಈ ಭಾಗ ಹೇಗೆ ಕೆಟ್ಟಿತು ಅನ್ನುವುದನ್ನು ಅವರು ತೋರಿಸಬೇಕು. ಅದನ್ನು ತೋರಿಸದೆ ಸಾರಾಸಗಟಾಗಿ ಇಲ್ಲ ಅನ್ನುವುದು ಸರಿಯಲ್ಲ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಮಾರುಕಟ್ಟೆಯಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಆರೋಪ. ಆ ಆದೇಶದಲ್ಲಿ ವಾರಂಟಿಯ ಬಗ್ಗೆಯೂ ಒಂದು ಮಾತಿದೆ. ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿಯೇ ರದ್ದು ಅನ್ನುವ ಷರತ್ತು ಹಾಕುವಂತಿಲ್ಲ. ಹೊರಗೆ ಮಾಡಿಸಿದ ಕೆಟ್ಟ ರಿಪೇರಿಯಿಂದ ಎಷ್ಟು ಹಾನಿ ಆಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ತಡೆಹಿಡಿಯಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು, ದಂಡದ ಲೆಕ್ಕ ಅಲ್ಲಿ ಎಳೆದಾಡಿತು. ಆದರೂ ಆ ಆದೇಶದ ಹಿಂದಿನ ನ್ಯಾಯ ನನಗೆ ಬಹಳ ಸರಿ ಅನಿಸುತ್ತದೆ. ಕಾರಣ ಎಷ್ಟೋ, ನಿರಾಕರಣೆಯೂ ಅಷ್ಟೇ.

ಹಾಗಂತ ವಾರಂಟಿ ಅವಧಿಯಲ್ಲಿ ಎಲ್ಲಾ ಕೆಲಸವನ್ನೂ ಹೊರಗೆ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಪುಸ್ತಕದಲ್ಲಿರುವ ನಿಗದಿತ ಸರ್ವಿಸ್ ಅಧಿಕೃತ ಜಾಗದಲ್ಲೇ ಮಾಡಿಸುವುದು ಜಗಳ ತಪ್ಪಿಸುವ ದಾರಿ. ಪಂಕ್ಚರ್, ವೀಲ್ ಅಲೈನ್‌ಮೆಂಟ್‌ನಂತಹ ಕೆಲಸ ಹತ್ತಿರದ ಗ್ಯಾರೇಜಿನಲ್ಲಿ ಆಗಲಿ, ತೊಂದರೆ ಇಲ್ಲ. ವೈರ್ ಕತ್ತರಿಸಿ ಹೆಚ್ಚುವರಿ ದೀಪ, ಮ್ಯೂಸಿಕ್ ಸಿಸ್ಟಂ ಹಾಕಿಸುವುದು ಮಾತ್ರ ಬೇಡವೇ ಬೇಡ. ಆಮೇಲೆ ವೈರಿಂಗ್‌ನಲ್ಲಿ ಏನೇ ತೊಂದರೆ ಬಂದರೂ ಬೆರಳು ಅದರ ಕಡೆಗೇ ಹೋಗುತ್ತದೆ.

ಕೌಂಟರಿನ ಆಚೆ ಕೂತಿರುವ ಸರ್ವಿಸ್ ಅಡ್ವೈಸರ್ ಕಂಪನಿಯ ನೌಕರ ಅಲ್ಲ, ಡೀಲರ್‌ನ ನೌಕರ. ಡೀಲರ್ ಮೊದಲು ರಿಪೇರಿ ಮಾಡಿ ಆಮೇಲೆ ಕಂಪನಿಯಿಂದ ಹಣ ವಸೂಲಿ ಮಾಡಿಕೊಳ್ಳಬೇಕು. ಕಂಪನಿ ಒಪ್ಪದಿದ್ದರೆ ನಷ್ಟ ಅವನದು. ಅದಕ್ಕೇ ಅನುಮಾನ ಬಂದ ಕಡೆಯೆಲ್ಲ ಇಲ್ಲ ಅನ್ನುವುದು ಅವನಿಗೆ ಸುಲಭ. ಅಡ್ವೈಸರ್ ಇಲ್ಲ ಅಂದ ಮಾತ್ರಕ್ಕೆ ಕಂಪನಿ ಇಲ್ಲ ಅಂದಂತಲ್ಲ. ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆಯಿರಿ. ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತಿದ್ದೀರಿ, ಯಾವ ಪರೀಕ್ಷೆ ಮಾಡಿದ್ದೀರಿ ಅಂತ ಎರಡೇ ಪ್ರಶ್ನೆ ಕೇಳಿ. ಬಾಯಿಮಾತಿನಲ್ಲಿ ಖಡಾಖಂಡಿತವಾಗಿ ಇಲ್ಲ ಅಂದವರು, ಬರೆದು ಕೊಡಿ ಅಂದಾಗ ಮತ್ತೊಮ್ಮೆ ಪರಿಶೀಲಿಸುತ್ತೇವೆ ಅನ್ನುವುದು ಅಪರೂಪವಲ್ಲ.

ಅದೇ ಕೌಂಟರಿನಲ್ಲಿ ಇಂಜಿನ್ ಫ್ಲಶಿಂಗ್ (ಒಳಗೆ ತೊಳೆಯುವುದು), ಡೀಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯುವುದು), ತುಕ್ಕು ತಡೆಯುವ ಕೋಟಿಂಗ್ ಮಾಡಿಸದಿದ್ದರೆ ವಾರಂಟಿಗೆ ತೊಂದರೆ ಅಂತಲೂ ಹೇಳುತ್ತಾರೆ. ಪುಸ್ತಕದಲ್ಲಿ ಎಲ್ಲಿದೆ, ತೋರಿಸಿ ಅನ್ನಿ. ಪುಸ್ತಕದಲ್ಲಿ ಇಲ್ಲದ್ದು ವಾರಂಟಿಯ ಷರತ್ತಲ್ಲ. ವಯಸ್ಸಾದವರನ್ನು, ಮೊದಲ ಕಾರು ಕೊಂಡವರನ್ನು ಹೀಗೆ ಹೆದರಿಸಿ ಬಿಲ್ ಬೆಳೆಸುವುದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ನಿಮ್ಮ ಕೈಯಲ್ಲಿ ಇರಬೇಕಾದದ್ದು ಕಾಗದ. ಪ್ರತಿ ಸಲದ ಜಾಬ್ ಕಾರ್ಡ್ (ಕಾರು ಬಿಡುವಾಗ ನಿಮ್ಮ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿ), ಜಿಎಸ್‌ಟಿ ಬಿಲ್, ಅದರಲ್ಲಿ ಹಾಕಿದ ಆಯಿಲ್‌ನ ಗ್ರೇಡ್, ಓಡಿದ ಕಿಲೋಮೀಟರ್. ಸದ್ದು ಬರುತ್ತಿದೆ ಅಂತ ನೀವು ಹೇಳಿದ್ದು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ದಾಖಲಾಗಲಿ. "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. ವಾರಂಟಿ ಮುಗಿಯುವ ಮೊದಲೇ ದೂರು ಕೊಟ್ಟಿದ್ದಿರಿ ಅನ್ನುವುದಕ್ಕೆ ಆ ಒಂದು ಸಾಲೇ ಆಧಾರ. ಇಂಜಿನ್ ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಕೆಟ್ಟ ಭಾಗವನ್ನು ಎಸೆಯಬೇಡಿ ಅಂತ ಬರೆದು ತಿಳಿಸಿ.

ಇಷ್ಟಾದರೂ ಬಗೆಹರಿಯದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲ ಬಂದಿದೆ. ಕಾರು ಬೆಂಗಳೂರಿನಲ್ಲಿ ಕೊಂಡು ನೀವು ಶಿವಮೊಗ್ಗದಲ್ಲಿ ಇದ್ದರೆ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. 5 ಲಕ್ಷದವರೆಗಿನ ಬೆಲೆಗೆ ಶುಲ್ಕವೇ ಇಲ್ಲ, 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ. ವಕೀಲರು ಇಲ್ಲದೆಯೂ ನೀವೇ ವಾದಿಸಬಹುದು. ದೂರಿನಲ್ಲಿ ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ದೋಷವನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಲು ಆಗದಿದ್ದರೆ ಆಯೋಗ ಅದನ್ನು ಲ್ಯಾಬ್ ಪರೀಕ್ಷೆಗೆ ಕಳಿಸಬಹುದು. ತಜ್ಞರ ವರದಿ ಇಲ್ಲದೆ ಸೋತ ದೂರುಗಳು ಬೇಕಾದಷ್ಟಿವೆ, ಆದ್ದರಿಂದ ಪರೀಕ್ಷೆ ಆಗಲಿ ಅಂತ ನೀವೇ ಅರ್ಜಿ ಹಾಕಿ. ಆದರೆ ಎಲ್ಲದಕ್ಕೂ ಗ್ರಾಹಕರೇ ವಿಜ್ಞಾನಿ ಆಗಬೇಕಿಲ್ಲ. ಹ್ಯುಂಡೈ ಕ್ರೆಟಾದ ಅಪಘಾತವೊಂದರಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಡಿಕ್ಕಿಯ ಬಲ ಸಾಕಾಗಲಿಲ್ಲ ಅಂತ ಕಂಪನಿ ವಾದಿಸಿತು. ಗ್ರಾಹಕರು ವೇಗ, ಬಲ ಲೆಕ್ಕ ಹಾಕುವ ಭೌತಶಾಸ್ತ್ರದ ತಜ್ಞರಾಗಿರಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಗ್ರಾಹಕರ ಪರವಾಗಿ ಬಂದಿದ್ದ ಆದೇಶವನ್ನು ಎತ್ತಿಹಿಡಿಯಿತು.

ಕೊನೆಯದಾಗಿ ಗಡುವಿನ ವಿಷಯ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ನೋಡೋಣ, ಮುಂದಿನ ವಾರ ಬನ್ನಿ ಅಂತ ಅವರು ಓಡಾಡಿಸುತ್ತಿದ್ದರೆ ಆ ಎರಡು ವರ್ಷ ನಿಮಗಾಗಿ ನಿಂತು ಕಾಯುವುದಿಲ್ಲ. ಪತ್ರ ಬರೆಯುತ್ತಾ ಇದ್ದೆ ಅನ್ನುವುದರಿಂದ ಗಡುವು ಬೆಳೆಯುವುದೂ ಇಲ್ಲ. ಇಲ್ಲಿ ಯಾರ ಬಳಿಯಾದರೂ ನಿರಾಕರಣೆಯ ಪತ್ರ ಇದ್ದರೆ ಈಗಲೇ ಅದರ ಮೇಲಿನ ದಿನಾಂಕ ನೋಡಿಕೊಳ್ಳಿ. ಕಾಗದ ತಂದವರು ಮುಂದೆ ಬನ್ನಿ, ಮೊದಲು ನಿಮ್ಮ ಪ್ರಶ್ನೆಗಳನ್ನೇ ತೆಗೆದುಕೊಳ್ಳೋಣ.